ಅರಗಾದಲ್ಲಿ ಮೊದಲ ಕೆಲಸ ಸಿಕ್ಕಿದೆ: ಕಾರವಾರ, ಅಮದಳ್ಳಿ, ಅಂಕೋಲಾ, ಎಲ್ಲಿ ಉಳಿಯೋದು?

ಘಟ್ಟದ ಮೇಲಿನ ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಸಿವಿಲ್ ಬಿ.ಇ. ಈಗಷ್ಟೇ ಮುಗಿಯಿತು. ಅರಗಾದ ನೌಕಾನೆಲೆಯೊಳಗೆ ಕಟ್ಟಡದ ಕೆಲಸ ಹಿಡಿದಿರುವ ಒಂದು ಗುತ್ತಿಗೆ ಕಂಪನಿಯಲ್ಲಿ ಸೈಟ್ ಎಂಜಿನಿಯರ್ ಆಗಿ ಸೇರುತ್ತಿದ್ದೇನೆ. ಜುಲೈ ಒಂದಕ್ಕೆ ಬನ್ನಿ ಅಂದಿದ್ದಾರೆ. ಕೈಗೆ 21 ಸಾವಿರ ಬರುತ್ತದೆ. ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿರಬೇಕು. ಸಂಜೆ ಆರಕ್ಕೆ ಬಿಡುತ್ತಾರೆ, ಆದರೆ ಕಾಂಕ್ರೀಟ್ ಹಾಕುವ ದಿನ ಎಷ್ಟೊತ್ತಾಗುತ್ತದೋ ಹೇಳಲಿಕ್ಕಾಗಲ್ಲ ಅಂದರು.

ನನ್ನ ಮುಂದೆ ಮೂರು ದಾರಿ ಇವೆ. ಕಾರವಾರದ ಕಾಜುಬಾಗದಲ್ಲಿ ಹುಡುಗಿಯರ ಪಿಜಿ ಇದೆ, ಊಟ ಸೇರಿ ತಿಂಗಳಿಗೆ 7,500, ಒಂದು ಕೋಣೆಯಲ್ಲಿ ಇಬ್ಬರು. ಅಮದಳ್ಳಿಯಲ್ಲಿ ಒಬ್ಬರ ಮನೆಯ ಮಹಡಿ ಮೇಲೆ ಒಂದು ಕೋಣೆ, ಅಡುಗೆಮನೆ ಇದೆ, ಬಾಡಿಗೆ 4,000. ಇನ್ನೊಂದು, ಅಂಕೋಲಾದಲ್ಲಿ ನನ್ನ ಸೋದರತ್ತೆಯ ಮನೆ. ಅಲ್ಲಿ ಖರ್ಚೇ ಇಲ್ಲ. ಅಮ್ಮನಿಗೆ ಅತ್ತೆ ಮನೆಯೇ ಆಗಬೇಕು. ನನಗೆ ಅಮದಳ್ಳಿ ಇಷ್ಟ, ಯಾಕೆಂದರೆ ಸೈಟಿಗೆ ಹತ್ತಿರ, ಒಬ್ಬಳೇ ಇರಬಹುದು. ಈ ಕಡೆ ಇದ್ದು ಗೊತ್ತಿರುವವರು ದಯವಿಟ್ಟು ಹೇಳಿ. ಮನೆಯಲ್ಲಿ ನಾವು ಮೀನು ತಿನ್ನಲ್ಲ, ಅದೂ ಒಂದು ಯೋಚನೆ.

ಕೋಡಿಬಾಗದ ಅಣ್ಣ
ಕೆಲಸ ಸಿಕ್ಕಿದ್ದು ಖುಷಿ ತಂಗಿ. ಕಾರವಾರದಲ್ಲೇ ಇರು. ಒಬ್ಬಳೇ ಹೊಸ ಊರಿಗೆ ಬರುವಾಗ ಬಸ್ ನಿಲ್ದಾಣ, ಆಸ್ಪತ್ರೆ, ಅಂಗಡಿ ಎಲ್ಲ ಕಾಲ್ನಡಿಗೆಯಲ್ಲಿ ಸಿಗಬೇಕು. ಅರಗಾ ಏನು ದೂರ? ಬಿಣಗಾ ದಾಟಿದರೆ ಬಂತು.

ಕರಿಈಶಾಡು
ಅತ್ತೆ ಮನೆ ಬಿಡಬೇಡಿ. ಅಂಕೋಲಾದಿಂದ ಕಾರವಾರ ಸುಮಾರು 35 ಕಿ.ಮೀ., ಅರಗಾ ಅದಕ್ಕಿಂತ ಮೊದಲೇ ಸಿಗುತ್ತದೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಬಾಡಿಗೆ ಇಲ್ಲ, ಬಸ್ ಚಾರ್ಜ್ ಇಲ್ಲ. ತಿಂಗಳಿಗೆ ಹದಿನೈದು ಸಾವಿರ ಉಳಿಸಬಹುದು. ಎರಡು ವರ್ಷದಲ್ಲಿ ಎಷ್ಟಾಯಿತು ಲೆಕ್ಕ ಹಾಕಿ.

ನರ್ಸಕ್ಕ
@ಕರಿಈಶಾಡು ಲೆಕ್ಕ ಸರಿ ಇದೆ, ಆದರೆ ಬಸ್ಸಿನ ವಿಷಯ ಅಷ್ಟು ಸುಲಭ ಅಲ್ಲ. ದೂರದ ಊರಿನ ಬಸ್ಸುಗಳು ಎಲ್ಲ ಕಡೆ ನಿಲ್ಲಿಸಲ್ಲ. ಅರಗಾದಲ್ಲಿ ಇಳಿಯುತ್ತೇನೆ ಅಂದರೆ ಕಂಡಕ್ಟರ್ ಮುಖ ನೋಡುತ್ತಾನೆ. ಲೋಕಲ್ ಬಸ್ಸಿಗೇ ಕಾಯಬೇಕು, ಇಲ್ಲ ದುಡ್ಡು ಕೊಟ್ಟು ಟೆಂಪೋ ಹತ್ತಬೇಕು. ಬೆಳಿಗ್ಗೆ ಕಾಲೇಜು ಮಕ್ಕಳು, ಕಚೇರಿಗೆ ಹೋಗುವವರು ಎಲ್ಲ ಒಂದೇ ಬಸ್ಸಿಗೆ ಮುಗಿಬೀಳುತ್ತಾರೆ. ಮಳೆಗಾಲದಲ್ಲಿ ಕಿಟಕಿ ಎಲ್ಲ ಮುಚ್ಚಿ, ಒದ್ದೆ ಕೊಡೆ ಕಾಲ ಮೇಲೆ ಸುರಿಯುತ್ತಾ ನಿಂತು ಹೋಗೋದು. ಸೈಟಿನಲ್ಲಿ ದಿನವಿಡೀ ನಿಂತು ಬಂದವಳಿಗೆ ಅದು ಸಣ್ಣ ವಿಷಯ ಅಲ್ಲ.

ನಾನು ಕಾರವಾರದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಹೊಸದಾಗಿ ಬರುವ ಹುಡುಗಿಯರಿಗೆಲ್ಲ ನಾನು ಹೇಳೋದು ಇಷ್ಟೇ. ಬೆಳಿಗ್ಗೆ ಹೋಗುವ ದಾರಿ ನೋಡಬೇಡಿ, ಅದು ಹೇಗೋ ಆಗುತ್ತದೆ. ರಾತ್ರಿ ವಾಪಸ್ ಬರುವ ದಾರಿ ನೋಡಿ. ರಾತ್ರಿ ಎಂಟೂವರೆಗೆ ಕೆಲಸ ಬಿಟ್ಟರೆ ಮನೆ ಬಾಗಿಲವರೆಗೆ ಹೇಗೆ ಬರುತ್ತೀರಿ? ಇದಕ್ಕೆ ಉತ್ತರ ಇರುವ ಮನೆ ಹಿಡಿಯಿರಿ.

ಕರಿಈಶಾಡು
ರಾತ್ರಿಯೂ ಹೆದ್ದಾರಿಯಲ್ಲಿ ಬಸ್ ಇರುತ್ತವೆ ಅಕ್ಕಾ. ಅಂಕೋಲಾ ಕಾಡಲ್ಲ.

ನರ್ಸಕ್ಕ
ಬಸ್ ಇರುತ್ತವೆ, ಕೈ ಮಾಡಿದರೆ ಕತ್ತಲಲ್ಲಿ ನಿಲ್ಲಿಸಬೇಕಲ್ಲ?

ಕಾಳಿ ನದಿ
ಮೊದಲು ಒಂದು ಮಾತು ಕೇಳಿ. ಕಂಪನಿ ಗಾಡಿ ಇದೆಯಾ? ಇದ್ದರೆ ಯಾವ ಕಡೆಯಿಂದ ಬರುತ್ತದೆ? ಇದು ಗೊತ್ತಿಲ್ಲದೆ ಮೇಲಿನ ಚರ್ಚೆಯೆಲ್ಲ ಸುಮ್ನೆ.

ಘಟ್ಟದ ಮೇಲಿನ ಹುಡುಗಿ
ಕೇಳಿರಲಿಲ್ಲ. ನಾಳೆ ಎಚ್‌.ಆರ್. ಅವರಿಗೆ ಫೋನ್ ಮಾಡುತ್ತೇನೆ. ಧನ್ಯವಾದ.

ತೋಡೂರಿನವ
ಅಮದಳ್ಳಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮದು ಸೀಬರ್ಡ್ ಯೋಜನೆಗೆ ಜಾಗ ಕೊಟ್ಟ ಮನೆತನ. 1986ರಲ್ಲಿ ಅರಗಾದಲ್ಲಿ ಅಡಿಗಲ್ಲು ಹಾಕಿದರು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಮಧ್ಯದ ಆ ವರ್ಷಗಳಲ್ಲಿ ನಮ್ಮಂಥವರ ಮನೆ, ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ಜಾಗ ಎಲ್ಲ ಹೋಯಿತು. ತೋಡೂರು, ಮುದಗಾ, ಅಮದಳ್ಳಿ, ಹಾರವಾಡ, ಬೇಲೇಕೇರಿ ಹೀಗೆ ಬೇರೆ ಬೇರೆ ಕಡೆ ಪುನರ್ವಸತಿ ಕಾಲೊನಿ ಮಾಡಿ ಕೂರಿಸಿದರು. ನನ್ನ ಅಜ್ಜಿಗೆ ಸಮುದ್ರದ ಸದ್ದು ಕೇಳದ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ.

ಈಗ ಆ ಕಾಲೊನಿಗಳಲ್ಲಿ ಎಷ್ಟೋ ಮನೆಯವರು ಮಹಡಿ ಎತ್ತಿ, ನೌಕಾನೆಲೆಯೊಳಗೆ ಕೆಲಸಕ್ಕೆ ಬರುವವರಿಗೆ ಬಾಡಿಗೆ ಕೊಡುತ್ತಾರೆ. ಕಳೆದುಕೊಂಡ ಜಾಗದಿಂದ ಕೈಗೆ ಬರುವ ಆದಾಯ ಎಂದರೆ ಹಲವರಿಗೆ ಅದೊಂದೇ. ಜನ ಒಳ್ಳೆಯವರು. ಒಬ್ಬ ಹುಡುಗಿ ಮಹಡಿ ಮೇಲೆ ಇದ್ದಾಳೆ ಅಂದರೆ ಸಂಜೆ ಏಳಕ್ಕೆ ಬರಲಿಲ್ಲ ಎಂದು ಫೋನ್ ಮಾಡುವವರೇ. ನಿಮ್ಮ ತಾಯಿಯವರಿಗೆ ಹೇಳಿ, ಹೆದರಬೇಕಾದ ಜಾಗ ಅಲ್ಲ.

ತೊಂದರೆ ಬೇರೆ ಇದೆ. ಮೆಡಿಕಲ್ ಶಾಪ್, ಎಟಿಎಂ, ಡಾಕ್ಟರ್ ಅಂದರೆ ಕಾರವಾರಕ್ಕೋ ಅಂಕೋಲಾಕ್ಕೋ ಓಡಬೇಕು. ಹೆದ್ದಾರಿಯಲ್ಲಿ ಇಳಿದ ಮೇಲೆ ಒಳಗೆ ಎಷ್ಟು ನಡೆಯಬೇಕು ಅನ್ನೋದು ಮನೆಯಿಂದ ಮನೆಗೆ ಬೇರೆ. ನೀವು ನೋಡಿದ ಮನೆ ಹೆದ್ದಾರಿ ಪಕ್ಕದ್ದಾ, ಒಳಗಿನದ್ದಾ? ದಾರಿಯಲ್ಲಿ ಬೀದಿದೀಪ ಉರಿಯುತ್ತಿದೆಯಾ? ಕತ್ತಲಾದ ಮೇಲೆ ಒಮ್ಮೆ ನಡೆದು ನೋಡಿ.

ಘಟ್ಟದ ಮೇಲಿನ ಹುಡುಗಿ
ಅಣ್ಣಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ನಾನು ಒಳಗೆ ಕೆಲಸ ಮಾಡಲು ಹೋಗುವ ಜಾಗ ಯಾರದ್ದಾಗಿತ್ತು ಅಂತ ಇದುವರೆಗೆ ಯೋಚಿಸಿರಲಿಲ್ಲ. ಮನೆ ಹೆದ್ದಾರಿಯಿಂದ ಒಳಗೆ, ಗದ್ದೆ ಬದಿಯ ರಸ್ತೆಯಲ್ಲಿ. ನಾನು ಹೋಗಿದ್ದು ಮಧ್ಯಾಹ್ನ. ದೀಪ ನೋಡಲಿಲ್ಲ.

ಸುಂಕೇರಿ ಸೈಕಲ್
ಮಳೆ ಬಗ್ಗೆ ಮಾತಾಡೋಣ. ಜೋರು ಮಳೆ ಬಂದರೆ ಅರಗಾ, ಚೆಂಡಿಯಾ ಹತ್ತಿರ ಹೆದ್ದಾರಿ ಮೇಲೇ ನೀರು ನಿಲ್ಲುತ್ತದೆ. 2024ರ ಜುಲೈನಲ್ಲೂ ನಿಂತಿತ್ತು. ಶಾಲೆಗೆ ರಜೆ ಕೊಡುತ್ತಾರೆ, ಸೈಟಿಗೆ ಕೊಡಲ್ಲ. ಅದಕ್ಕೇ ಸೈಟಿನ ಹತ್ತಿರ ಇದ್ದರೆ ಲಾಭ ಅನ್ನುವವರು ಯೋಚನೆ ಮಾಡಿ: ನೀರು ನಿಲ್ಲುವುದು ಸೈಟಿನ ಹತ್ತಿರವೇ!

ಕರಿಈಶಾಡು
ಹಾಗಾದರೆ ಕಾರವಾರದಿಂದ ಬರುವವರಿಗೂ ಅದೇ ನೀರು ಅಲ್ವಾ?

ಸುಂಕೇರಿ ಸೈಕಲ್
ಹೌದು, ಆದರೆ ಪಟ್ಟಣದಲ್ಲಿ ಇದ್ದವಳು ಆ ದಿನ ಮನೆಯಲ್ಲಿ ಉಳಿದರೆ ಊಟ, ಕರೆಂಟು, ನೀರು ಸಿಗುತ್ತದೆ. ಗದ್ದೆ ಬದಿಯ ಕೋಣೆಯಲ್ಲಿ ಒಬ್ಬಳೇ ಸಿಕ್ಕಿಕೊಂಡರೆ ಕಷ್ಟ.

ತೋಡೂರಿನವ
ಒಬ್ಬಳೇ ಯಾಕಾಗುತ್ತಾಳೆ ಮಾರಾಯ್ರೆ, ಕೆಳಗೆ ಮನೆಯವರು ಇರುತ್ತಾರಲ್ಲ. ಅವರ ಒಲೆಯಲ್ಲಿ ಗಂಜಿ ಬೆಂದರೆ ಅವಳಿಗೂ ಒಂದು ಬಟ್ಟಲು ಬರುತ್ತದೆ. ಪಟ್ಟಣದ ಪಿಜಿಯಲ್ಲಿ ಜ್ವರ ಬಂದು ಮಲಗಿದರೆ ಬಾಗಿಲು ತಟ್ಟುವವರು ಯಾರು?

ನರ್ಸಕ್ಕ
ಪಕ್ಕದ ಮಂಚದ ಹುಡುಗಿ ತಟ್ಟುತ್ತಾಳೆ. ಪಿಜಿಯವರನ್ನು ಅಷ್ಟು ಹಗುರ ಮಾಡಬೇಡಿ. ನಮ್ಮ ಪಿಜಿಯಲ್ಲಿ ಒಬ್ಬಳಿಗೆ ಡೆಂಗಿ ಆದಾಗ ಉಳಿದವರೇ ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಕೂತಿದ್ದರು.

ಬನವಾಸಿ ದಾರಿ
ನಾನೂ ಶಿರಸಿಯವನು, ಕಾರವಾರದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ನಮ್ಮ ಕಡೆಯವರಿಗೆ ಮಳೆ ಗೊತ್ತು, ಕರಾವಳಿಯ ಮಳೆಗಾಲದ ಮನೆ ಗೊತ್ತಿಲ್ಲ. ಅದನ್ನು ಹೇಳುತ್ತೇನೆ.

ನೀನು ಮನೆ ಹುಡುಕುತ್ತಿರುವುದು ಮಳೆಯಲ್ಲೇ. ಅದು ಒಳ್ಳೆಯದೇ ಆಯಿತು. ಮಾರ್ಚ್‌ನಲ್ಲಿ ನೋಡಿದವರಿಗೆ ಎಲ್ಲ ಮನೆಯೂ ಚಂದ ಕಾಣುತ್ತದೆ. ಈಗ ಹೋಗಿ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡು. ತಣ್ಣಗೆ ಜಿಗುಟಾಗಿದ್ದರೆ ಆ ಗೋಡೆ ಪಕ್ಕ ಬಟ್ಟೆ, ಪುಸ್ತಕ, ಸರ್ಟಿಫಿಕೇಟ್ ಇಡುವ ಹಾಗಿಲ್ಲ, ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಕಪಾಟಿನ ಬಾಗಿಲು ತೆಗೆದು ಮೂಸಿ ನೋಡು. ಹೊಸ ಬಣ್ಣದ ವಾಸನೆ ಬಂದರೆ, ಬಣ್ಣ ಯಾಕೆ ಹೊಡೆದರು ಅಂತ ಕೇಳು. ಮಹಡಿ ಕೋಣೆಗೆ ಮೇಲೆ ತಗಡಿನ ಮಾಡು ಇದೆಯಾ, ಬರೀ ಸ್ಲ್ಯಾಬಾ? ಬರೀ ಸ್ಲ್ಯಾಬ್ ಆದರೆ ಮೂಲೆಯಲ್ಲಿ ಹಳದಿ ಕಲೆ ಇದೆಯೇ ನೋಡು. ನೀನು ಸಿವಿಲ್ ಓದಿದವಳು, ನನಗಿಂತ ನಿನಗೇ ಚೆನ್ನಾಗಿ ಗೊತ್ತಾಗುತ್ತದೆ.

ಬಟ್ಟೆ ಒಣಗಿಸಲು ಮಾಡಿನ ಕೆಳಗೆ ಗಾಳಿ ಆಡುವ ಜಾಗ ಬೇಕೇ ಬೇಕು. ಸೈಟಿನಿಂದ ಕೆಸರು ಬಟ್ಟೆಯಲ್ಲಿ ಬರುವವಳಿಗೆ ಇದು ಬಾಡಿಗೆಗಿಂತ ಮುಖ್ಯ. ಪಿಜಿಯಲ್ಲಿ ಹತ್ತು ಜನಕ್ಕೆ ಎರಡೇ ಹಗ್ಗ ಇರುತ್ತದೆ, ಅದನ್ನೂ ನೋಡಿಕೋ.

ಬಾವಿ ನೀರಾದರೆ ಬಾಯಿಗೆ ಹಾಕಿ ನೋಡು. ಈಗ ಮಳೆಗಾಲದಲ್ಲಿ ಸಿಹಿ ಇರುತ್ತದೆ. ಸಮುದ್ರದ ಹತ್ತಿರದ ಬಾವಿ ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗಬಹುದು. ಅದನ್ನು ಮಾಲೀಕರಲ್ಲ, ಪಕ್ಕದ ಮನೆಯವರು ಹೇಳುತ್ತಾರೆ.

ಘಟ್ಟದ ಮೇಲಿನ ಹುಡುಗಿ
ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ!

ಮಲ್ಲಾಪುರದಿಂದ
ಕೈಗಾ ಅಣುಸ್ಥಾವರದ ಕಡೆಯದ್ದೂ ಇದೇ ಕತೆ. ಕಾಯಂ ನೌಕರರಿಗೆ ಮಲ್ಲಾಪುರದಲ್ಲಿ ಟೌನ್‌ಶಿಪ್ ಇದೆ. ಗುತ್ತಿಗೆಯವರು ಹೊರಗೆ ಮನೆ ಹುಡುಕಬೇಕು. 5 ಮತ್ತು 6ನೇ ಘಟಕದ ಕೆಲಸಕ್ಕೆ ಬಂದ ಹುಡುಗರು ಕಾರವಾರದಲ್ಲಿ ಇರೋದಾ, ಮಲ್ಲಾಪುರದಲ್ಲಾ ಅಂತ ಇದೇ ಥರ ಒದ್ದಾಡುತ್ತಾರೆ. ನಾನು ಅವರಿಗೆ ಹೇಳುವುದು, ಹೊಳೆ ಬದಿಯ ಮನೆ ಅಗ್ಗ ಅಂತ ಹಿಡಿಯಬೇಡಿ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ಮನೆಗಳಿಗೆ ನುಗ್ಗಿದ್ದನ್ನು ನೋಡಿದ್ದೇವೆ. ಯಾವ ಊರಾದರೂ ಸರಿ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ. ಹಳಬರು ಗೋಡೆ ಮುಟ್ಟಿ ತೋರಿಸುತ್ತಾರೆ.

ಮಾಜಾಳಿ ಗಡಿ
ಸದಾಶಿವಗಡ, ಚಿತ್ತಾಕುಲಾ ಕಡೆ ಯಾಕೆ ನೋಡಲಿಲ್ಲ? ಒಳ್ಳೆಯ ಮನೆಗಳಿವೆ, ಶಾಂತ ಜಾಗ.

ಕೋಡಿಬಾಗದ ಅಣ್ಣ
ಬೇಡ. ಕೆಲಸ ದಕ್ಷಿಣಕ್ಕೆ, ಮನೆ ಉತ್ತರಕ್ಕೆ. ಮಧ್ಯದಲ್ಲಿ ಇಡೀ ಕಾರವಾರ, ಮೇಲೆ ಕಾಳಿ ಸೇತುವೆ. 2024ರ ಆಗಸ್ಟ್ 7ರಂದು ಹಳೇ ಸೇತುವೆ ಕುಸಿದಾಗ ನಮ್ಮ ಮನೆಯ ಹತ್ತಿರವೇ ಜನ ಸೇರಿದ್ದರು. ಮಧ್ಯರಾತ್ರಿ ಲಾರಿ ಸಮೇತ ಬಿದ್ದ ಚಾಲಕ ಬದುಕಿದ್ದು ದೊಡ್ಡದು. ಅವತ್ತು ಆಚೆ ದಡದಿಂದ ಕೆಲಸಕ್ಕೆ ಬರುವವರು ಪಟ್ಟ ಪಾಡು ನೋಡಿದ ಮೇಲೆ, ನದಿ ದಾಟಬೇಕಾದ ಮನೆ ಅಂದರೆ ನಾನು ಎರಡು ಸಲ ಯೋಚಿಸುತ್ತೇನೆ.

ಮಾಜಾಳಿ ಗಡಿ
ಹೊಸ ಸೇತುವೆ ಗಟ್ಟಿಯಾಗಿದೆ. ನಾವೆಲ್ಲ ದಿನಾ ದಾಟುತ್ತೇವೆ. ಅದನ್ನು ಹೆದರಿಕೆಯ ವಿಷಯ ಮಾಡಬೇಡಿ.

ಹೊನ್ನಾವರದ ಚಿಕ್ಕಮ್ಮ
ನಾನು ಅತ್ತೆ ಮನೆ ವಿಷಯಕ್ಕೆ ಬರುತ್ತೇನೆ. ಹಣ ಉಳಿಯುತ್ತದೆ ನಿಜ. ಆದರೆ ಮಗಳೇ, ನೆಂಟರ ಮನೆಯಲ್ಲಿ ಒಂದು ತಿಂಗಳು ಅತಿಥಿ, ಆಮೇಲೆ ಮನೆಯವಳು. ಸಂಜೆ ದಣಿದು ಬಂದವಳು ನೇರ ಹೋಗಿ ಮಲಗುವ ಹಾಗಿಲ್ಲ. ಪಾತ್ರೆ ಕಾಣುತ್ತದೆ, ಮಕ್ಕಳ ಹೋಂವರ್ಕ್ ಕಾಣುತ್ತದೆ. ಅತ್ತೆ ಬಾಯಿಬಿಟ್ಟು ಹೇಳದಿದ್ದರೂ ನಿನಗೇ ಸಂಕೋಚ ಆಗುತ್ತದೆ. ಇನ್ನು ತಡವಾಗಿ ಬಂದ ದಿನ ಅತ್ತೆಗೂ ನಿದ್ದೆ ಇಲ್ಲ, ಅವರು ನಿನ್ನ ಅಮ್ಮನಿಗೆ ಫೋನ್ ಮಾಡುತ್ತಾರೆ, ಅಮ್ಮನಿಗೂ ನಿದ್ದೆ ಇಲ್ಲ. ಸಂಬಂಧ ಚೆನ್ನಾಗಿ ಉಳಿಯಬೇಕು ಅಂದರೆ ಭಾನುವಾರ ಹೋಗಿ ಊಟ ಮಾಡಿ ಬಾ.

ಕರಿಈಶಾಡು
ಚಿಕ್ಕಮ್ಮಾ, ಎಲ್ಲ ಅತ್ತೆಯರೂ ಹಾಗಲ್ಲ. ನಾನು ಅತ್ತೆಯ ಮನೆಯಲ್ಲೇ ಇದ್ದು ಓದಿದವನು. ಅವರು ಇಲ್ಲದಿದ್ದರೆ ನನಗೆ ಡಿಪ್ಲೊಮಾ ಮುಗಿಸಲು ಆಗುತ್ತಿರಲಿಲ್ಲ. ತಿಂಗಳಿಗೆ ಇಷ್ಟು ಅಂತ ಮನೆ ಖರ್ಚಿಗೆ ಕೊಟ್ಟರೆ ಸಂಕೋಚವೂ ಇರಲ್ಲ.

ಹೊನ್ನಾವರದ ಚಿಕ್ಕಮ್ಮ
ಹುಡುಗನಿಗೆ ಒಂದು ರೀತಿ, ಹುಡುಗಿಗೆ ಇನ್ನೊಂದು ರೀತಿ ಕಣಪ್ಪ. ಪಾತ್ರೆ ತೊಳೆ ಅಂತ ನಿನಗೆ ಯಾರಾದರೂ ಹೇಳಿದರಾ?

ಕರಿಈಶಾಡು
ಇಲ್ಲ. ಒಪ್ಪಿದೆ.

ಬೈತಖೋಲದವಳು
ಮೀನು ವಿಷಯ. ಕರಾವಳಿಗೆ ಬಂದು ಮೀನಿನ ವಾಸನೆ ಅಂತ ದೂರುವವರನ್ನು ಕಂಡರೆ ನನಗೆ ಬೇಜಾರು. ನಮ್ಮ ಊಟ, ನಮ್ಮ ದುಡಿಮೆ ಅದೇ.

ಘಟ್ಟದ ಮೇಲಿನ ಹುಡುಗಿ
ದೂರಿಲ್ಲ ಅಕ್ಕಾ. ನಾನು ತಿನ್ನಲ್ಲ ಅಂತಷ್ಟೇ ಹೇಳಿದ್ದು. ಪಕ್ಕದಲ್ಲಿ ಕೂತು ಬೇರೆಯವರು ತಿಂದರೆ ನನಗೇನೂ ಆಗಲ್ಲ. ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಹಾಗೇ ಇದ್ದೆ.

ಬೈತಖೋಲದವಳು
ಹಾಗಾದರೆ ಸರಿ ತಂಗಿ, ತಪ್ಪು ತಿಳಿಯಬೇಡ. ಪಿಜಿಯವರಿಗೆ ಮೊದಲೇ ಹೇಳು. ಮೀನು ಮಾಡಿದ ದಿನ ನಿನಗೆ ಏನು ಕೊಡುತ್ತಾರೆ ಅಂತ ಕೇಳು. ಕೆಲವು ಕಡೆ ಬರೀ ದಾಳಿತೊವ್ವೆ, ಉಪ್ಪಿನಕಾಯಿ ಹಾಕಿ ಮುಗಿಸುತ್ತಾರೆ, ಬಿಲ್ ಮಾತ್ರ ಅಷ್ಟೇ. ಈಗ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ಕಮ್ಮಿ, ರೇಟು ಜಾಸ್ತಿ. ಹಾಗಾಗಿ ಎಲ್ಲರಿಗೂ ತರಕಾರಿಯೇ ಸಿಗುತ್ತದೆ. ಆಗಸ್ಟ್‌ನಲ್ಲಿ ನಿಜ ಗೊತ್ತಾಗುತ್ತದೆ.

ಘಟ್ಟದ ಮೇಲಿನ ಹುಡುಗಿ
ಎಚ್‌.ಆರ್. ಜೊತೆ ಮಾತಾಡಿದೆ. ಕಂಪನಿ ಗಾಡಿ ಇದೆ. ಕಾರವಾರ ಬಸ್ ನಿಲ್ದಾಣದ ಹತ್ತಿರದಿಂದ ಹೊರಟು ಬಿಣಗಾ ಮೇಲೆ ಬರುತ್ತದೆ. ಅಂಕೋಲಾ ಕಡೆಗೆ ಇಲ್ಲ. ಕಾಂಕ್ರೀಟ್ ಇರುವ ದಿನ ಎಷ್ಟೊತ್ತಾದರೂ ಅದೇ ಗಾಡಿ ಕಾರವಾರಕ್ಕೆ ಬಿಡುತ್ತದೆ ಅಂದರು. ಅಮದಳ್ಳಿಗೆ ಬಿಡುತ್ತೀರಾ ಅಂತ ಕೇಳಿದೆ, "ಡ್ರೈವರ್ ಹತ್ತಿರ ಮಾತಾಡಿಕೊಳ್ಳಿ" ಅಂದರು.

ಕಾಳಿ ನದಿ
"ಡ್ರೈವರ್ ಹತ್ತಿರ ಮಾತಾಡಿಕೊಳ್ಳಿ" ಅಂದರೆ ಬಿಡಲ್ಲ ಅಂತಲೇ ತಿಳಿಯಿರಿ. ಕಾರವಾರಕ್ಕೆ ಬಂದುಬಿಡಿ.

ನರ್ಸಕ್ಕ
ಇಷ್ಟು ಸಾಕು. ಕಾರವಾರ. ಆದರೆ ಕಾಜುಬಾಗದ ಪಿಜಿಗೆ ಒಂದೇ ಸಲ ದೊಡ್ಡ ಅಡ್ವಾನ್ಸ್ ಕಟ್ಟಬೇಡಿ. ಒಂದು ತಿಂಗಳು ಇದ್ದು ನೋಡುತ್ತೇನೆ ಅನ್ನಿ. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ, ಇವೆರಡನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ನನ್ನ ಗೆಳತಿಯೊಬ್ಬಳಿಗೆ ಬಣ್ಣದ ಖರ್ಚು ಅಂತ ಹೇಳಿ ಅರ್ಧ ಹಣ ಹಿಡಿದರು. ಇದ್ದದ್ದು ಮೂರು ತಿಂಗಳು. ರಾತ್ರಿ ಗೇಟು ಹಾಕುವ ಹೊತ್ತೂ ಕೇಳಿ. ಒಂಬತ್ತಕ್ಕೆ ಗೇಟು ಹಾಕುವ ಪಿಜಿಗೆ ಕಾಂಕ್ರೀಟ್ ದಿನ ಹತ್ತಕ್ಕೆ ಬಂದರೆ ಏನು ಮಾಡುತ್ತೀರಿ?

ಬನವಾಸಿ ದಾರಿ
ಇದು ಬಹಳ ಮುಖ್ಯ. ಕಂಪನಿಯಿಂದ ಒಂದು ಪತ್ರ ತಂದು ಕೊಟ್ಟರೆ ಪಿಜಿಯವರು ಒಪ್ಪುತ್ತಾರೆ.

ಮುಂದೆ ಇಬ್ಬರು ಮೂವರು ಸೇರಿ ಹಬ್ಬುವಾಡ, ನಂದನಗದ್ದಾ ಕಡೆ ಮನೆ ಹಿಡಿದರೆ ಪಿಜಿಗಿಂತ ಕಮ್ಮಿ ಬೀಳುತ್ತದೆ. ಆಗ ಕರಾರುಪತ್ರ ಮಾಡಿಸಿ. ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ, ವರ್ಷ ದಾಟಿದರೆ ನೋಂದಣಿ ಬೇಕಾಗುತ್ತದೆ. ಮನೆಗೆ ಬೇರೆ ಮೀಟರ್, ಬೇರೆ ಆರ್‌.ಆರ್. ನಂಬರ್ ಇದೆಯಾ ನೋಡಿ. ಇದ್ದರೆ ಬಾಡಿಗೆಯವರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಮಾಲೀಕರ ಮೀಟರಿನಿಂದಲೇ ತಂತಿ ಎಳೆದಿದ್ದರೆ ಯೂನಿಟ್‌ಗೆ ಅವರು ಹೇಳಿದ್ದೇ ರೇಟು. ಗ್ಯಾಸ್‌ಗೆ ಮೊದಲು 5 ಕೆ.ಜಿ. ಸಿಲಿಂಡರ್ ಸಾಕು, ಅದಕ್ಕೆ ವಿಳಾಸದ ದಾಖಲೆ ಕೇಳಲ್ಲ, ಗುರುತಿನ ಚೀಟಿ ಕೊಟ್ಟರೆ ಸಿಗುತ್ತದೆ.

ತೋಡೂರಿನವ
ಅಮದಳ್ಳಿ ಬಿಟ್ಟಿರಿ ಅಂತ ಬೇಸರ ಇಲ್ಲ ತಂಗಿ. ಗಾಡಿ ಆ ಕಡೆ ಬರಲ್ಲ ಅಂದ ಮೇಲೆ ನಾನೂ ಕಾರವಾರ ಅಂತಲೇ ಹೇಳುತ್ತೇನೆ. ಮುಂದೆ ಸ್ಕೂಟಿ ತೆಗೆದುಕೊಂಡರೆ ಮತ್ತೆ ಯೋಚಿಸಿ. ಆದರೆ ಮಳೆಗಾಲದಲ್ಲಿ ಬಿಣಗಾ ಘಾಟಿಯಲ್ಲಿ ಕತ್ತಲಾದ ಮೇಲೆ ಸ್ಕೂಟಿ ಬೇಡ, ಲಾರಿಗಳ ನಡುವೆ ಏನೂ ಕಾಣಲ್ಲ.

ಶಿರಸಿ ಪೇಟೆ
ಊರಿಗೆ ಬರುವುದು ಹೇಗೆ ಅಂತಲೂ ನೋಡಿಕೋ. ಪ್ರತಿ ಶನಿವಾರ ಬರುತ್ತೇನೆ ಅಂತ ಮನೆಯಲ್ಲಿ ಹೇಳಬೇಡ. ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತಬೇಕು, ಆ ರಸ್ತೆ ಕೆಲಸಕ್ಕೆ ಅಂತ ಎಷ್ಟು ಸಲ ಮುಚ್ಚಿದ್ದಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಂಕೋಲಾ, ಕುಮಟಾ ನಡುವೆ ಹೆದ್ದಾರಿಯೇ ಬಂದ್ ಆಗಿತ್ತು, ಜೀವಗಳೂ ಹೋದವು. ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ಬಂದರೆ ಸಾಕು. ಜೋರು ಮಳೆಯ ಎಚ್ಚರಿಕೆ ಇದ್ದರೆ ಹೊರಡಲೇಬೇಡ.

ಹೊನ್ನಾವರದ ಚಿಕ್ಕಮ್ಮ
ಅಂಥ ಶನಿವಾರಗಳಿಗೇ ಅತ್ತೆ ಮನೆ ಇದೆಯಲ್ಲ. ಅಮ್ಮನಿಗೂ ಸಮಾಧಾನ.

ಘಟ್ಟದ ಮೇಲಿನ ಹುಡುಗಿ
ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಎಷ್ಟೊತ್ತಾದರೂ ಗಾಡಿ ಕಾರವಾರಕ್ಕೆ ಬಿಡುತ್ತದೆ ಅಂದ ಮೇಲೆ ಒಪ್ಪಿದರು. ಮೊದಲ ವಾರ ಅತ್ತೆ ಮನೆಯಿಂದ ಹೋಗು, ಅಷ್ಟರಲ್ಲಿ ಪಿಜಿ ನೋಡು ಅಂತ ಒಂದು ಷರತ್ತು ಹಾಕಿದ್ದಾರೆ. ಭಾನುವಾರ ಅಪ್ಪನ ಜೊತೆ ಕಾಜುಬಾಗಕ್ಕೆ ಬರುತ್ತಿದ್ದೇನೆ. ಹಬ್ಬುವಾಡದಲ್ಲೂ ಒಂದೆರಡು ಪಿಜಿ ಇವೆಯಂತೆ, ಅವನ್ನೂ ನೋಡುತ್ತೇನೆ. ಬಸ್ ನಿಲ್ದಾಣದಿಂದ ಯಾವುದು ಹತ್ತಿರ?

ಕೋಡಿಬಾಗದ ಅಣ್ಣ
ಎರಡೂ ನಡೆಯುವಷ್ಟೇ ದೂರ. ಭಾನುವಾರ ಕಾರವಾರದ ಸಂತೆ, ಹತ್ತರ ಮೇಲೆ ಪೇಟೆಯಲ್ಲಿ ಕಾಲಿಡಲು ಜಾಗ ಇರಲ್ಲ. ಬೇಗ ಬನ್ನಿ.

ನರ್ಸಕ್ಕ
ಬೆಳಿಗ್ಗೆ ಬಂದರೆ ಪಿಜಿಯಲ್ಲಿರುವ ಹುಡುಗಿಯರೂ ಸಿಗುತ್ತಾರೆ, ರಜೆ ಇರುತ್ತದೆ. ಮಾಲೀಕರು ಇಲ್ಲದಾಗ ಅವರ ಹತ್ತಿರ ಎರಡು ಮಾತು ಆಡಿ. ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಅಡ್ವಾನ್ಸ್ ವಾಪಸ್ ಯಾರಿಗೆ ಸಿಕ್ಕಿದೆ, ಎಲ್ಲ ಅವರೇ ಹೇಳುತ್ತಾರೆ. ನನಗೆ ಆ ಭಾನುವಾರ ಹಗಲು ಪಾಳಿ ಇಲ್ಲ. ಬೇಕಾದರೆ ಇಲ್ಲಿ ಒಂದು ಸಂದೇಶ ಹಾಕಿ, ಜೊತೆಗೆ ಬರುತ್ತೇನೆ.